ಒಂದೇ ತೂಕವಾಗಿದ್ದರೆ ಗೆಲ್ಲುವವರು ಯಾರು?

ಯುವ ಮಿತ್ರರೇ, ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು ಊಟದ ಪಂಕ್ತಿಗೆ ಕಾಯುವಾಗ ನೀವು ನಾಲ್ಕು ಜನ ಸೇರಿದರೆ ಮಾತು ಎಲ್ಲಿಗೆ ಹೊರಳುತ್ತದೆ ಎಂಬುದು ನಮಗೆ ತಿಳಿಯದ್ದೇನಲ್ಲ. ಬ್ರಾಡ್ಮನ್‌ಗೆ ಶೇನ್ ವಾರ್ನ್ ಚೆಂಡು ಹಾಕಿದ್ದರೆ ಏನಾಗುತ್ತಿತ್ತು? ಬಾಕ್ಸಿಂಗ್ ನೋಡುವವರಿಗಂತೂ ಇಂಥ ಪ್ರಶ್ನೆಗಳಿಗೆ ಕೊನೆಯೇ ಇಲ್ಲ. ಅಲ್ಲಿ ಕಾಲದ ಅಂತರದ ಜೊತೆಗೆ ತೂಕದ ಅಂತರವೂ ಉಂಟು. ‘ಪೌಂಡ್ ಫಾರ್ ಪೌಂಡ್’ ಎಂಬ ಮಾತು ಹುಟ್ಟಿದ್ದೇ ಇದಕ್ಕಾಗಿ: ಎಲ್ಲರೂ ಒಂದೇ ತೂಕದವರಾಗಿದ್ದರೆ ಮೇಲು ಯಾರು?

ಈ ವಾದಕ್ಕೆ ನಮ್ಮ ಪುಣೆ ತಕ್ಕ ಜಾಗವೇ. 2001ರಲ್ಲಿ ಸೇನೆಯು ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟನ್ನು ಆರಂಭಿಸಿದ್ದು ಇಲ್ಲಿ, ಘೋರ್ಪಡಿ-ಮುಂಢವಾ ಕಡೆ. ಮಣಿಪುರದ ದೇವೇಂದ್ರೋ ಸಿಂಗ್ ಪಳಗಿದ್ದು ಅಲ್ಲಿ. 2012ರ ಲಂಡನ್ ಒಲಿಂಪಿಕ್ಸ್‌ನ 49 ಕಿಲೋ ವಿಭಾಗದಲ್ಲಿ ಅವರು ಕ್ವಾರ್ಟರ್ ಫೈನಲ್ ತಲುಪಿದರು. ಅದೇ ತೂಕದಲ್ಲಿ ಸೇನೆಯ ಇನ್ನೊಬ್ಬ ಬಾಕ್ಸರ್, ಹರಿಯಾಣದ ಅಮಿತ್ ಪಂಘಾಲ್, 2018ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್ ಚಿನ್ನ ಗೆದ್ದರು. ನಮ್ಮ ಮೊದಲ ಜೋಡಿ ಇದೇ ಆಗಲಿ: ಲಂಡನ್ನಿನ ದೇವೇಂದ್ರೋ, ಜಕಾರ್ತದ ಪಂಘಾಲ್.

ದೇವೇಂದ್ರೋ ಆಟವೆಂದರೆ ಆಲಿಕಲ್ಲಿನ ಮಳೆ. ಗಂಟೆ ಹೊಡೆದ ಕ್ಷಣದಿಂದ ಎದುರಾಳಿಯ ಮೈಮೇಲೆಯೇ ಇರುತ್ತಿದ್ದರು. ಪಂಘಾಲ್ ಎಡಚರು, ಕಾದು ನೋಡುವವರು. ಎದುರಾಳಿಯನ್ನು ಬರಗೊಟ್ಟು, ಅರ್ಧ ಹೆಜ್ಜೆ ಸರಿದು, ಅವನ ಗುದ್ದು ಗಾಳಿಗೆ ಹೋದಾಗ ತಾವು ಹೊಡೆಯುವವರು. ಇಷ್ಟು ಕೇಳಿ ಕೂಡಲೇ ತೀರ್ಪು ಕೊಡಬೇಡಿ. ಮೊದಲು ಕೇಳಬೇಕಾದದ್ದು, ಪಂದ್ಯ ಯಾವ ನಿಯಮದಲ್ಲಿ ಎಂದು. ಲಂಡನ್ನಿನಲ್ಲಿ ತೀರ್ಪುಗಾರರು ಗುದ್ದು ಬಿದ್ದಾಗಲೆಲ್ಲ ಗುಂಡಿ ಒತ್ತುತ್ತಿದ್ದರು, ಕಂಪ್ಯೂಟರ್ ಎಣಿಸುತ್ತಿತ್ತು. ದೇವೇಂದ್ರೋ ಐರ್ಲೆಂಡಿನ ಪ್ಯಾಡಿ ಬಾರ್ನ್ಸ್‌ಗೆ ಸೋತದ್ದು 18-23ರಿಂದ. 2013ರಲ್ಲಿ ಆ ಪದ್ಧತಿ ಹೋಗಿ, ಪ್ರತಿ ಸುತ್ತಿಗೂ ಹತ್ತು ಅಂಕದ ಪದ್ಧತಿ ಬಂತು, ಪುರುಷರ ತಲೆಗವಚವೂ ಹೋಯಿತು. ಸುತ್ತನ್ನು ಒಟ್ಟಾರೆಯಾಗಿ ತೂಗಿದಾಗ, ಬಿಡದೆ ನುಗ್ಗುವವನು ತೀರ್ಪುಗಾರರ ಕಣ್ಣಿಗೆ ಚೆನ್ನಾಗಿ ಕಾಣುವುದುಂಟು. ಲಂಡನ್ ನಿಯಮದಲ್ಲಾದರೆ ನನ್ನ ಮತ ಪಂಘಾಲ್‌ಗೆ. ಹೊಸ ನಿಯಮದಲ್ಲೂ ಅವರಿಗೇ, ಆದರೆ 3-2ರ ಒಡಕು ತೀರ್ಪಿನಲ್ಲಿ. ನೀವು ಒಪ್ಪದಿದ್ದರೂ ಸರಿಯೇ.

ಶೈಲಿಗೆ ಶೈಲಿ ಮುರಿ ಎನ್ನುವುದಕ್ಕೆ ಜಗತ್ತೇ ಬಲ್ಲ ಉದಾಹರಣೆ ಒಂದಿದೆ. 1971ರಲ್ಲಿ ಜೋ ಫ್ರೇಜಿಯರ್ ಅವರು ಮೊಹಮ್ಮದ್ ಅಲಿಯನ್ನು ಸೋಲಿಸಿದರು. 1973ರಲ್ಲಿ ಅದೇ ಫ್ರೇಜಿಯರ್‌ರನ್ನು ಜಾರ್ಜ್ ಫೋರ್ಮನ್ ಎರಡೇ ಸುತ್ತಿನಲ್ಲಿ ಆರು ಸಲ ನೆಲಕ್ಕೆ ಕೆಡವಿದರು. ಹಾಗಾದರೆ ಫೋರ್ಮನ್ ಮುಂದೆ ಅಲಿ ಉಳಿಯುವುದುಂಟೇ? 1974ರಲ್ಲಿ ಕಿನ್‌ಶಾಸಾದಲ್ಲಿ ಹಗ್ಗಕ್ಕೆ ಒರಗಿ ಅವರನ್ನು ದಣಿಸಿ, ಎಂಟನೇ ಸುತ್ತಿನಲ್ಲಿ ಉರುಳಿಸಿದವರು ಅಲಿ. ಬಗ್ಗಿ ಒಳಗೆ ನುಗ್ಗುವ ಫ್ರೇಜಿಯರ್, ಫೋರ್ಮನ್ನರ ಮೇಲ್ಗುದ್ದಿಗೆ ಸರಿಯಾಗಿ ತಲೆ ಒಡ್ಡುತ್ತಿದ್ದರು. ಅಲಿ ಹಾಗೆ ಸಿಗಲಿಲ್ಲ. ಈ ಲೆಕ್ಕವೂ ಪೂರಾ ನಂಬುವಂಥದ್ದಲ್ಲ ಅನ್ನಿ, ಮುಂದೆ 1974ರಲ್ಲೂ 1975ರಲ್ಲೂ ಫ್ರೇಜಿಯರ್‌ರನ್ನು ಅಲಿ ಸೋಲಿಸಿದರಲ್ಲ!

ಈಗ ತೂಕದ ಮಾತು. ನಿಮ್ಮ ಅಜ್ಜನ ಊರು ಚಿಕ್ಕೋಡಿ ಕಡೆಯದಾಗಿದ್ದರೆ ಯಕ್ಸಂಬಾದ ಶ್ರೀಪತಿ ಖಂಚನಾಳೆಯವರ ಹೆಸರು ಕೇಳಿರುತ್ತೀರಿ, 1959ರ ಹಿಂದ್ ಕೇಸರಿ. ಮಣ್ಣಿನ ಕುಸ್ತಿಯಲ್ಲಿ ಜೋಡಿ ಕಟ್ಟುವಾಗ ತಕ್ಕಡಿಗಿಂತ ಹಿರಿಯರ ಕಣ್ಣಂದಾಜು ನಡೆಯುತ್ತಿತ್ತು. ಬಾಕ್ಸಿಂಗಿನಲ್ಲಿ ಅದು ನಡೆಯದು, ಪೆಟ್ಟು ಬೀಳುವುದು ತಲೆಗೆ.

ಪಂಘಾಲ್ ಜೊತೆಗೆ ನಿಶಾಂತ್ ದೇವ್ ಅವರನ್ನು ನಿಲ್ಲಿಸಿ ನೋಡೋಣ. ಇವರೂ ಹರಿಯಾಣದವರೇ, ಆದರೆ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಕರ್ನಾಟಕದ ಪರ ಆಡಿದವರು. 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 71 ಕಿಲೋ ಕಂಚು ಗೆದ್ದವರು. ಇವರೂ ಎಡಚರು. ಬಲಗೈಯವರ ಎದುರು ಪಂಘಾಲ್‌ಗೆ ಸಿಗುವ ಎಡಗೈಯ ಲಾಭ ಇಲ್ಲಿ ಅಲ್ಲಿಗೇ ಹೋಯಿತು. ಆದರೆ ‘ಒಂದೇ ತೂಕ’ ಮಾಡುವುದು ಹೇಗೆ? ನಿಶಾಂತ್ ಅವರ ಎತ್ತರ ಹಾಗೇ ಇಟ್ಟು 20 ಕಿಲೋ ಇಳಿಸಿದರೆ ಉಳಿಯುವುದು ಮೂಳೆಯ ಹಂದರ. ಎತ್ತರವನ್ನೂ ಇಳಿಸಿದರೆ ಅವರ ಉದ್ದನೆಯ ಕೈಯೇ ಹೋಯಿತು, ಆ ಕೈ ನಂಬಿ ಕಲಿತ ಆಟವೂ ಹೋಯಿತು. ಶೈಲಿ ಎಂಬುದು ಅಂಗಿಯಲ್ಲ, ಬಿಚ್ಚಿ ಇನ್ನೊಂದು ಮೈಗೆ ತೊಡಿಸಲು. ಆದ್ದರಿಂದ ಈ ಜೋಡಿಯ ತೀರ್ಪನ್ನು ನಾನು ಕೊಡಲಾರೆ.

ಆದರೂ ನಿಜವಾಗಿ ತೂಕ ದಾಟಿದವರಿದ್ದಾರೆ. ಅಮೆರಿಕದ ಟೆರೆನ್ಸ್ ಕ್ರಾಫರ್ಡ್ 2025ರ ಸೆಪ್ಟೆಂಬರಿನಲ್ಲಿ 154 ಪೌಂಡಿನಿಂದ 168 ಪೌಂಡಿಗೆ ಏರಿ, ಕನೆಲೊ ಆಲ್ವರೆಜ್‌ರನ್ನು ಸರ್ವಾನುಮತದ ತೀರ್ಪಿನಿಂದ ಸೋಲಿಸಿದರು. ಆರು ಕಿಲೋಗೂ ಮೇಲಿನ ಜಿಗಿತ! ಅದು ಅವರೇ ಬಯಸಿ ಏರಿದ್ದು, ಕೈತುಂಬ ಹಣವೂ ಇತ್ತು.

ಪಂಘಾಲ್‌ಗೆ ಆ ಆಯ್ಕೆ ಇರಲಿಲ್ಲ. ಟೋಕಿಯೋ ಒಲಿಂಪಿಕ್ಸ್‌ಗೆ ಪುರುಷರ ವಿಭಾಗಗಳನ್ನು ಹತ್ತರಿಂದ ಎಂಟಕ್ಕೆ ಇಳಿಸಿದಾಗ 49 ಕಿಲೋ ವಿಭಾಗವೇ ಮಾಯವಾಯಿತು. 49ರವರು 52ಕ್ಕೆ ಏರಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು. ಮೂರು ಕಿಲೋ ಏನು ಮಹಾ ಎನ್ನಬೇಡಿ. ಇಷ್ಟು ಹಗುರ ಮೈಗೆ ಅದು ಹದಿನಾರರಲ್ಲಿ ಒಂದು ಪಾಲು. ಎದುರು ಬರುವವರೋ, ಇನ್ನೂ ಭಾರದ ಮೈಯನ್ನು ಒಣಗಿಸಿ 52ಕ್ಕೆ ಇಳಿದವರು. 2019ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಂಘಾಲ್ ಆ ತೂಕದಲ್ಲೇ ಬೆಳ್ಳಿ ಗೆದ್ದರು, ಭಾರತದ ಪುರುಷರಲ್ಲಿ ಅದೇ ಮೊದಲ ಬೆಳ್ಳಿ. 2021ರಲ್ಲಿ ಟೋಕಿಯೋಗೆ ಹೋಗುವಾಗ ಅಗ್ರ ಶ್ರೇಯಾಂಕ ಅವರದೇ. ಮೊದಲ ಪಂದ್ಯದಲ್ಲೇ ಕೊಲಂಬಿಯಾದ ಯುಬೆರ್ಜೆನ್ ಮಾರ್ಟಿನೆಜ್‌ಗೆ 1-4ರಿಂದ ಸೋತರು. ತಮಾಷೆಯೆಂದರೆ ಮಾರ್ಟಿನೆಜ್ ಕೂಡ ರಿಯೋದಲ್ಲಿ 49 ಕಿಲೋ ಬೆಳ್ಳಿ ಗೆದ್ದು, ಮೇಲೇರಿ ಬಂದವರೇ. ಕಾದು ಹೊಡೆಯುವವರಿಗೆ ಕಾಯಲು ಪುರುಸೊತ್ತೇ ಕೊಡದಂತೆ ಗುದ್ದಿದರು, ಹೆಚ್ಚುಕಡಿಮೆ ನಮ್ಮ ದೇವೇಂದ್ರೋ ಹಾಗೆಯೇ. ಅಲ್ಲಿಗೆ, ಮೇಲೆ ನಾನು ಕೊಟ್ಟ ತೀರ್ಪಿನ ವಿರುದ್ಧ ವಾದಿಸಲು ನಿಮಗೊಂದು ಒಳ್ಳೆಯ ಸಾಕ್ಷಿ ಸಿಕ್ಕಿತು.

2024ರ ಪ್ಯಾರಿಸ್‌ನಲ್ಲಿ ತೂಕ 51 ಕಿಲೋ ಆಗಿತ್ತು. ಪಂಘಾಲ್ ಜಾಂಬಿಯಾದ ಪ್ಯಾಟ್ರಿಕ್ ಚಿನ್ಯೆಂಬಾಗೆ ಮೊದಲ ಪಂದ್ಯದಲ್ಲೇ ಸೋತರು. ಆ ವಿಭಾಗದ ಚಿನ್ನ ಗೆದ್ದವರು ಉಜ್ಬೇಕಿಸ್ತಾನದ ಹಸನ್‌ಬಾಯ್ ದುಸ್ಮಾತೊವ್. ಅವರೂ 49ರಿಂದ ಏರಿದವರು. ಜಕಾರ್ತದ ಫೈನಲ್‌ನಲ್ಲಿ ಪಂಘಾಲ್ 3-2ರಿಂದ ಸೋಲಿಸಿದ್ದು ಅವರನ್ನೇ.