ಜೀವನಚಕ್ರದ ಪಾಠಕ್ಕೊಂದು ಉದಾಹರಣೆ: ಖರ್ಜೂರದ ಕಿರುಪತಂಗ

ಪತಂಗದ ಜೀವನಚಕ್ರ ಬೋಧಿಸುವಾಗ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಮೊಟ್ಟೆ, ಮರಿಹುಳು, ಕೋಶ, ಪ್ರೌಢಕೀಟ ಎಂಬ ನಾಲ್ಕು ಚಿತ್ರಗಳನ್ನು ವೃತ್ತಾಕಾರದಲ್ಲಿ ಬರೆದು ಬಾಣ ಹಾಕುತ್ತಾರೆ. ಮಕ್ಕಳು ಹೆಸರುಗಳನ್ನು ತಪ್ಪಿಲ್ಲದೆ ಹೇಳುತ್ತಾರೆ. ಆದರೆ ಯಾವ ಹಂತ ಯಾವ ಕಾಲದಲ್ಲಿ ಬರುತ್ತದೆ, ಆಗ ಅದರ ಆಹಾರ ಎಲ್ಲಿರುತ್ತದೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಕೀಟದ ಹಂತಗಳ ಪಕ್ಕದಲ್ಲೇ ಆಹಾರಸಸ್ಯದ ಹಂತಗಳನ್ನೂ ಬರೆದರೆ ಈ ಕೊರತೆ ನೀಗುತ್ತದೆ.

ವಿಷಯಾಂಶ

ಖರ್ಜೂರದ ಕಿರುಪತಂಗದ ವೈಜ್ಞಾನಿಕ ಹೆಸರು ಬ್ಯಾಟ್ರಾಕೆಡ್ರಾ ಅಮಿಡ್ರಾಲಾ. ಇರಾಕ್, ಇರಾನ್, ಸೌದಿ ಅರೇಬಿಯ ಮೊದಲಾದ ದೇಶಗಳ ಖರ್ಜೂರ ತೋಟಗಳಲ್ಲಿ ಇದು ಮುಖ್ಯ ಪೀಡೆ. ರೆಕ್ಕೆ ಬಿಚ್ಚಿದರೂ ಪತಂಗದ ಅಗಲ ಸುಮಾರು 11ರಿಂದ 14 ಮಿ.ಮೀ. ಮಾತ್ರ.

ಬಲಿತ ಮರಿಹುಳು ಗರಿಯ ಬುಡದ ನಾರಿನ ನಡುವೆ ಗೂಡು ಕಟ್ಟಿಕೊಂಡು ಚಳಿಗಾಲ ಕಳೆಯುತ್ತದೆ. ವಸಂತದಲ್ಲಿ ಮರ ಕಾಯಿಕಚ್ಚುವ ಹೊತ್ತಿಗೆ ಪತಂಗ ಹೊರಬಂದು ಗೊನೆಯ ಮೇಲೆ ಮೊಟ್ಟೆಯಿಡುತ್ತದೆ. ಹೊಸ ಮರಿಹುಳು ತೊಟ್ಟಿನ ಬಳಿ ಎಳೆಗಾಯಿಯನ್ನು ಕೊರೆದು ತಿರುಳನ್ನೂ ಎಳೆಬೀಜವನ್ನೂ ತಿನ್ನುತ್ತದೆ. ಒಂದೇ ಹುಳು ಹಲವು ಕಾಯಿಗಳನ್ನು ಕೆಡಿಸಬಲ್ಲದು. ಕೊರೆದ ಕಾಯಿ ಕೆಂಪಾಗಿ ಒಣಗುತ್ತದೆ. ಕೆಲವು ಉದುರುತ್ತವೆ, ಕೆಲವು ಹುಳು ನೇಯ್ದ ರೇಷ್ಮೆಯೆಳೆಯಲ್ಲಿ ಗೊನೆಗೇ ಜೋತುಬೀಳುತ್ತವೆ. ಈ ಕೆಂಪಿನಿಂದಲೇ ಅರಬ್ಬಿಯಲ್ಲಿ ಇದಕ್ಕೆ ‘ಹುಮೈರಾ’ ಎಂಬ ಹೆಸರು. ವರ್ಷಕ್ಕೆ ಸಾಮಾನ್ಯವಾಗಿ ಮೂರು ಪೀಳಿಗೆಗಳು.

ಹುಳು ಕಾಯಿಯೊಳಗೆ ಸೇರಿದ ಮೇಲೆ ಸಿಂಪಡಿಸಿದ ಔಷಧಿ ಅದಕ್ಕೆ ತಗಲುವುದು ಕಷ್ಟ. ಆದ್ದರಿಂದ ಬೆಳೆಗಾರ ಕಾಯಿಕಚ್ಚಿದ ಕೂಡಲೇ ಎಚ್ಚರ ವಹಿಸಬೇಕು. ಉದುರಿದ ಕಾಯಿಗಳನ್ನು ಆರಿಸಿ ನಾಶಪಡಿಸುವುದು, ಗೊನೆಗೆ ಬಲೆಚೀಲ ಕಟ್ಟುವುದು ಇತರ ಕ್ರಮಗಳು. ಯಾವ ಹಂತ ಯಾವಾಗ, ಎಲ್ಲಿ ಎಂಬ ತಿಳಿವಳಿಕೆ ಇಲ್ಲಿ ಬೆಳೆಯನ್ನೇ ಉಳಿಸುತ್ತದೆ.

ತರಗತಿಯಲ್ಲಿ

ಕಪ್ಪುಹಲಗೆಯ ಮೇಲೆ ಎರಡು ಸಾಲು ಎಳೆಯಿರಿ. ಮೇಲಿನ ಸಾಲಿನಲ್ಲಿ ಮರದ ಹಂತಗಳನ್ನು ಬರೆಯಿರಿ: ಹೂಗೊಂಚಲು, ಎಳೆಗಾಯಿ, ಬಲಿತ ಕಾಯಿ, ಹಣ್ಣು, ಚಳಿಗಾಲ. ಕೀಟದ ಹಂತಗಳ ಮಿಂಚುಪಟ್ಟಿಗಳನ್ನು ಮಕ್ಕಳೇ ಕೆಳಸಾಲಿನಲ್ಲಿ ಜೋಡಿಸಲಿ. ಪ್ರತಿ ಜೋಡಣೆಗೂ ‘ಏಕೆ?’ ಎಂದು ಕೇಳಿರಿ.

ಒಂದು ಎಚ್ಚರಿಕೆ: ಅಂಗಡಿಯ ಖರ್ಜೂರದಲ್ಲಿ ಹುಳು ಕಂಡರೆ ಇದೇ ಕೀಟವೆಂದು ತೋರಿಸಬೇಡಿ. ಶೇಖರಿಸಿದ ಹಣ್ಣಿಗೆ ಬೀಳುವುದು ಹೆಚ್ಚಾಗಿ ಬಾದಾಮಿ ಪತಂಗದಂಥ ಬೇರೆ ಜಾತಿಯ ಹುಳು.

ಮೌಲ್ಯಮಾಪನ

1. ಮರಿಹುಳು ಬಲಿಯುವ ಮೊದಲೇ ಕಾಯಿ ಉದುರಿದರೆ ಅದು ಏನು ಮಾಡಬೇಕಾಗುತ್ತದೆ?
2. ಚಳಿಗಾಲದಲ್ಲಿ ತೋಟದಲ್ಲಿ ಒಂದು ಪತಂಗವೂ ಹಾರಾಡುತ್ತಿಲ್ಲ. ಪೀಡೆ ತೊಲಗಿತು ಎನ್ನಬಹುದೇ? ಕಾರಣ ಕೊಡಿ.

ಎರಡನೆಯ ಪ್ರಶ್ನೆಗೆ ಕಾರಣಸಹಿತ ಉತ್ತರ ಬಂದರೆ ಪಾಠದ ಉದ್ದೇಶ ಈಡೇರಿತೆಂದು ತಿಳಿಯಬಹುದು.