ಉಪ್ಪನ ತಟ್ಟೆಯಲ್ಲಿ ಉಪ್ಪು ಎಷ್ಟು?

ಡಯಾಲಿಸಿಸ್‌ಗೆ ಹೋದವರನ್ನು ಸಿಸ್ಟರ್‌ಗಳು ಮೊದಲು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ. ಕಳೆದ ಸಲಕ್ಕಿಂತ ಒಂದು ಕೆಜಿ ಹೆಚ್ಚಿದ್ದರೆ ಮೈಯಲ್ಲಿ ಸುಮಾರು ಒಂದು ಲೀಟರ್ ನೀರು ನಿಂತಿದೆ ಎಂದರ್ಥ. ಮೂರು-ನಾಲ್ಕು ಕೆಜಿ ಏರಿದ್ದರೆ ಅಷ್ಟನ್ನೂ ನಾಲ್ಕು ಗಂಟೆಯೊಳಗೆ ತೆಗೆಯಬೇಕು. ಆಗ ಬಿಪಿ ಕುಸಿಯುತ್ತದೆ, ಕಾಲು ಸೆಳೆಯುತ್ತದೆ, ಹೃದಯ ಬಳಲುತ್ತದೆ.

ಆದರೆ ಆ ತೂಕ ಏರುವುದು ಆಸ್ಪತ್ರೆಯಲ್ಲಲ್ಲ, ನಮ್ಮ ಮನೆಗಳಲ್ಲಿ. "ಬಿಸಿಲಲ್ಲಿ ಬಂದಿದ್ದೀರಿ, ಒಂದು ಗ್ಲಾಸ್ ಶರಬತ್ತು ಕುಡೀರಿ" ಎಂದು ಪ್ರೀತಿಯಿಂದ ಒತ್ತಾಯ ಮಾಡುವವರು ನಾವೇ. ಅದಕ್ಕೇ ಅನುಭವಿ ಸಿಸ್ಟರ್‌ಗಳು ರೋಗಿಗೆ ಮಾತ್ರ ಹೇಳಿ ಸುಮ್ಮನಾಗುವುದಿಲ್ಲ. ಮನೆಯಲ್ಲಿ ಅಡುಗೆ ಯಾರದ್ದು ಎಂದು ಕೇಳಿ, ಅವರನ್ನೂ ಕರೆದು ಹೇಳುತ್ತಾರೆ.

ಉಪಾಯ ಸರಳ. ವೈದ್ಯರು ಹೇಳಿದಷ್ಟು ನೀರನ್ನು ಬೆಳಿಗ್ಗೆ ಬಾಟಲಿಯಲ್ಲಿ ತುಂಬಿಡಿ. ಮೂತ್ರ ಎಷ್ಟು ಹೋಗುತ್ತದೆ ಎಂಬುದನ್ನು ನೋಡಿ ಅವರು ಅಳತೆ ಹೇಳುತ್ತಾರೆ. ಹೆಚ್ಚಿನವರಿಗೆ ಅದು ದಿನಕ್ಕೆ ಅರ್ಧದಿಂದ ಒಂದು ಲೀಟರ್. ಚಹಾ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ಚೆಲ್ಲಿ. ಗಂಜಿ ತಿಳಿ, ಸಾರು, ಮಾತ್ರೆಯ ನೀರು ಎಲ್ಲವೂ ಲೆಕ್ಕಕ್ಕೆ. ಬಾಟಲಿ ಖಾಲಿಯಾದರೆ ಆ ದಿನದ ಪಾಲು ಮುಗಿಯಿತು. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಬಹುದು.

ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಒಣಮೀನು, ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಬಿಡದೆ ನೀರು ಬಿಡುವುದು ಕಷ್ಟ. ಇಡೀ ದಿನಕ್ಕೆ ಉಪ್ಪು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ದಾಟಬಾರದು. ಪದಾರ್ಥಕ್ಕೆ ಉಪ್ಪು ಹಾಕುವ ಮೊದಲೇ ಉಪ್ಪನ ಪಾಲು, ಉಮ್ಮನ ಪಾಲು ತೆಗೆದಿಡಿ. 'ಕಡಿಮೆ ಸೋಡಿಯಂ' ಎಂದು ಮಾರುವ ಉಪ್ಪು ಬೇಡವೇ ಬೇಡ; ಅದರಲ್ಲಿರುವುದು ಪೊಟ್ಯಾಸಿಯಂ.

ಕಿಡ್ನಿ ಸೋತವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಮುನ್ಸೂಚನೆ ಇಲ್ಲದೆಯೇ ಹೃದಯ ನಿಲ್ಲಬಹುದು. ಆರೋಗ್ಯಕ್ಕೆ ಒಳ್ಳೆಯದೆಂದು ನಾವು ಕೊಡುವ ಎಳನೀರು, ಖರ್ಜೂರ, ಬಾಳೆಹಣ್ಣು ಇವರಿಗೆ ಅಪಾಯ. ತರಕಾರಿಯನ್ನು ಹೆಚ್ಚಿ, ತುಂಬಾ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿದರೆ ಪೊಟ್ಯಾಸಿಯಂ ಕಡಿಮೆಯಾಗುತ್ತದೆ. ಹಿತ್ತಿಲಿನ ದಾರೆಹುಳಿಯನ್ನಂತೂ ಮುಟ್ಟಿಸಲೇಬಾರದು. ಅದರ ವಿಷ ಮೆದುಳಿಗೇರಿ, ಬಿಕ್ಕಳಿಕೆಯಿಂದ ಶುರುವಾಗಿ ಪ್ರಜ್ಞೆ ತಪ್ಪಿಸುವುದೂ ಇದೆ.

ಹಾಗೆಂದು ಎಲ್ಲವನ್ನೂ ನಿಲ್ಲಿಸಬೇಡಿ. ಡಯಾಲಿಸಿಸ್‌ನಲ್ಲಿ ಪ್ರೊಟೀನ್ ಸ್ವಲ್ಪ ನಷ್ಟವಾಗುತ್ತದೆ. ತಾಜಾ ಮೀನು, ಮೊಟ್ಟೆಯ ಬಿಳಿ, ಕೋಳಿ ಹೇಳಿದ ಅಳತೆಯಲ್ಲಿ ಬೇಕೇ ಬೇಕು.

ಭಾನುವಾರ ವಿಶೇಷ ಎಚ್ಚರ ಇರಲಿ. ಸೋಮ-ಬುಧ-ಶುಕ್ರದ ಸರದಿಯಿರಲಿ, ಮಂಗಳ-ಗುರು-ಶನಿಯದಿರಲಿ, ಎರಡು ದಿನದ ಬಿಡುವಿನಲ್ಲಿ ಭಾನುವಾರ ಬಂದೇ ಬರುತ್ತದೆ. ಹೃದಯಕ್ಕೆ ಹೆಚ್ಚು ತೊಂದರೆಯಾಗುವುದು ಈ ದೊಡ್ಡ ಬಿಡುವಿನ ಕೊನೆಗೇ. ನಮ್ಮ ಮದುವೆ ಔತಣಗಳೂ ಹೆಚ್ಚಾಗಿ ಅದೇ ದಿನ. ಬಿರಿಯಾನಿ ಒಂದೆರಡು ತುತ್ತಿಗೆ ಸಾಕು. "ಇನ್ನೂ ಸ್ವಲ್ಪ" ಎಂದು ಬಡಿಸುವ ಕೈಯನ್ನು ಪಕ್ಕದವರೇ ತಡೆಯಲಿ.

ಕಾಯಿಲೆಯವರಿಗೆ ನೋಂಬಿನಿಂದ ರಿಯಾಯಿತಿ ಇದೆ. ನೋಂಬು ಹಿಡಿಯಲೇಬೇಕೆಂಬ ಮನಸ್ಸಿದ್ದರೆ ವೈದ್ಯರನ್ನೂ ಉಸ್ತಾದರನ್ನೂ ಮೊದಲೇ ಕೇಳಬೇಕು. ಹಿಡಿಯದವರಿಗೂ ಇಫ್ತಾರ್ ಹೊತ್ತಿನ ಶರಬತ್ತು, ಖರ್ಜೂರ ಲೆಕ್ಕಕ್ಕೆ ಸೇರಿದ್ದೇ.

ತಿಂದದ್ದನ್ನು ಸಿಸ್ಟರ್‌ನಿಂದ ಮುಚ್ಚಿಡಬೇಡಿ. ಅವರು ಕೇಳುವುದು ಬೈಯಲಿಕ್ಕಲ್ಲ, ಚಿಕಿತ್ಸೆಯನ್ನು ಸರಿಯಾಗಿ ಹೊಂದಿಸಲಿಕ್ಕೆ. ಮುಂದಿನ ಸರದಿಗೆ ರೋಗಿಯ ಜೊತೆ ಅಡುಗೆ ಮಾಡುವವರೂ ಒಮ್ಮೆ ಹೋಗಿ ಬನ್ನಿ.