ಹಲ್ಲಿಗೆ ಹಿಡಿದ ‘ಹುಳು’

ಹಲ್ಲುನೋವಿನಿಂದ ದವಡೆ ಹಿಡಿದು ನರಳುವವನನ್ನು ಕಂಡರೆ ‘ಹುಳು ಹಿಡಿದಿದೆ’ ಎನ್ನುವುದು ಬಳ್ಳಾರಿಯ ಕಡೆಯೂ ರೂಢಿ. ಹುಳುವನ್ನು ಕಂಡವರಿಲ್ಲ, ಹಿಡಿದಿರುವುದಂತೂ ನಿಜ. ಅವು ಒಂದು ಮಿಲಿಮೀಟರಿನ ಉದ್ದದಲ್ಲಿ ಸಾವಿರಕ್ಕೂ ಮಿಕ್ಕಿ ಸಾಲುಗಟ್ಟಬಲ್ಲ ಬ್ಯಾಕ್ಟೀರಿಯಗಳು. ಇವುಗಳಲ್ಲಿ ಮುಖ್ಯವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದನ್ನು ಹುಳುಕು ಹಲ್ಲಿನಲ್ಲಿ ಗುರುತಿಸಿ 1924ರಲ್ಲಿ ವರ್ಣಿಸಿದವನು ಬ್ರಿಟನ್ನಿನ ಕ್ಲಾರ್ಕ್.

ಸದಾ ಲಾಲಾರಸ ಹರಿಯುವ, ನಾಲಗೆ ಸವರುತ್ತಲೇ ಇರುವ ನುಣುಪಾದ ಹಲ್ಲಿನ ಮೇಲೆ ಇವು ನೆಲೆ ನಿಲ್ಲುವುದಾದರೂ ಹೇಗೆ? ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಲಾಲಾರಸದ ಪ್ರೋಟೀನುಗಳು ಅದರ ಮೇಲೆ ತೆಳುಪೊರೆಯಾಗಿ ಕೂಡುತ್ತವೆ. ಪೊರೆಯೂ ಬ್ಯಾಕ್ಟೀರಿಯವೂ ಋಣ ವಿದ್ಯುದಂಶವುಳ್ಳವು. ನಾವು ತರಗತಿಯಲ್ಲಿ ಕಲಿತಂತೆ ಅವು ಪರಸ್ಪರ ವಿಕರ್ಷಿಸಬೇಕು. ಆದರೆ ಅತಿ ಸಮೀಪದಲ್ಲಿ ಅಣುಗಳ ನಡುವಣ ವಾನ್ ಡರ್ ವಾಲ್ಸ್ ಆಕರ್ಷಣೆ ಮೇಲುಗೈ ಪಡೆಯುತ್ತದೆ. ಲಾಲಾರಸದ ಕ್ಯಾಲ್ಸಿಯಂ ಅಯಾನುಗಳು, ಧನ ವಿದ್ಯುದಂಶವುಳ್ಳವಾದ್ದರಿಂದ, ಎರಡಕ್ಕೂ ಸೇತುವೆಯಾಗುತ್ತವೆ.

ಈ ಹಿಡಿತ ಇನ್ನೂ ಸಡಿಲ. ಅದನ್ನು ಬಿಗಿಗೊಳಿಸುವುದು ನಾವೇ ಕೊಡುವ ಸಕ್ಕರೆ. ಮ್ಯೂಟನ್ಸ್ ತನ್ನ ಕಿಣ್ವಗಳಿಂದ ಸಕ್ಕರೆಯನ್ನು ಸೀಳಿ, ನೀರಿನಲ್ಲಿ ಕರಗದ ಗ್ಲೂಕಾನ್ ಎಂಬ ಅಂಟನ್ನು ಹೆಣೆಯುತ್ತದೆ. ಅದಕ್ಕೆ ಸಕ್ಕರೆ ಅನ್ನವೂ ಹೌದು, ಗಾರೆಯೂ ಹೌದು. (ಬೆಲ್ಲವೇನೂ ಬೇರೆಯಲ್ಲ, ಅದರಲ್ಲಿ ಹೆಚ್ಚಿನ ಪಾಲು ಅದೇ ಸಕ್ಕರೆ.) ಗಾರೆಯ ಒಳಗೆ ಆಮ್ಲ ಸಂಗ್ರಹವಾಗಿ ಪಿಎಚ್ ಸುಮಾರು 5.5ಕ್ಕಿಂತ ಇಳಿದೊಡನೆ ಹಲ್ಲಿನ ಎನಾಮಲ್ ಕರಗತೊಡಗುತ್ತದೆ. ಬರಿದೆ ಬಾಯಿ ಮುಕ್ಕಳಿಸಿದರೆ ಸಾಲದು. ಹದಿನೇಳನೆಯ ಶತಮಾನದಲ್ಲಿಯೇ ಲೇವನ್‌ಹುಕ್ ವಿನಿಗರಿನಿಂದ ಬಾಯಿ ತೊಳೆದು ನೋಡಿದ್ದ. ಪದರದ ಒಳಗಿನ ಜೀವಿಗಳು ಸಾಯಲಿಲ್ಲ. ಪದರವನ್ನು ಉಜ್ಜಿಯೇ ಕೀಳಬೇಕು.

ಹಾಗೆಂದು ಉಜ್ಜಿದರೆ ಎಲ್ಲ ಕಲೆಯೂ ಹೋದೀತೆ? ಬಳ್ಳಾರಿ ಜಿಲ್ಲೆಯಲ್ಲಿ, ಸಿರುಗುಪ್ಪ, ಕುರುಗೋಡು ಕಡೆಗಳೂ ಸೇರಿದಂತೆ, ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿದೆ. ಅದು ಅಲ್ಪ ಪ್ರಮಾಣದಲ್ಲಿದ್ದರೆ ಎನಾಮಲ್ ಆಮ್ಲಕ್ಕೆ ಸುಲಭವಾಗಿ ಕರಗದು. ಆದರೆ ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದೆಡೆ 1.5 ಮಿಲಿಗ್ರಾಂ, ಅದರ ಮಿತಿ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳವೆಯಲ್ಲಿ ಇದಕ್ಕಿಂತ ಬಹಳ ಹೆಚ್ಚು ಸೇರಿದರೆ ಎನಾಮಲ್ಲೇ ಕೆಟ್ಟು, ಬಿಳಿ ಮಚ್ಚೆಯೋ ಕಂದು ಪಟ್ಟೆಯೋ ಮೂಡುತ್ತದೆ. ಇದು ಮೇಲೆ ಅಂಟಿದ ಕೊಳೆಯಲ್ಲ. ಇಟ್ಟಿಗೆ ಪುಡಿಯಿಂದ ತಿಕ್ಕಿದರೆ ಕಲೆ ಉಳಿದು ಎನಾಮಲ್ ಸವೆದೀತು. ನೀರನ್ನು ಕುದಿಸುವುದೂ ವ್ಯರ್ಥ: ಆವಿಯಾಗುವುದು ನೀರು, ಫ್ಲೋರೈಡಲ್ಲ. ಕಂದು ಹಲ್ಲಿನ ಹುಡುಗಿಯನ್ನು ‘ಹಲ್ಲುಜ್ಜದವಳು’ ಎಂದು ಗದರುವ ಮುನ್ನ ಅವಳ ಮನೆಯ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಬೇಕು.